ಕಿಟಕಿ ಪಕ್ಕದ ಕಪಾಟು: ಸಣ್ಣ ಊರಿನ ಹತ್ತು ವಾರದ ಕೆಲಸದ ಒಂದು ಪ್ರಕರಣ

ಕಾಲೇಜು ಮುಗಿಸಿ ಮೊದಲ ಕೆಲಸಕ್ಕೆ ಹೊರಡುವವರು ಆಗಾಗ ನನ್ನ ಹತ್ತಿರ ಮಾತಾಡಲು ಬರುತ್ತಾರೆ. ಸೇರಿದ ಮೇಲೂ ಕೆಲವರು ಫೋನ್ ಮಾಡುತ್ತಾರೆ. ಹಾಗೆ ಫೋನ್ ಮಾಡಿದ ಒಬ್ಬ ಹುಡುಗಿಯ ಹತ್ತು ವಾರಗಳ ವಿಷಯ ಇದು. ಊರಿನ ಹೆಸರು, ಅವಳ ಹೆಸರು, ಕೆಲಸ ಕೊಟ್ಟವರ ಹೆಸರು ಯಾವುದೂ ಇಲ್ಲಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಬದಲಾಯಿಸಿದ್ದೇನೆ. ಬರೆದದ್ದನ್ನು ಅವಳಿಗೆ ಓದಿ ಹೇಳಿದೆ. ಎರಡು ಕಡೆ ತಿದ್ದಿದಳು, ಆಮೇಲೆ ಹಾಕಿ ಅಂದಳು.

ಸಣ್ಣ ಊರಿನ ಬೇಸಿಗೆ ಕೆಲಸ ಅಂದ ಕೂಡಲೇ ಜನ ಎರಡೇ ಮಾತು ಹೇಳುತ್ತಾರೆ. ಒಂದು, “ಆರಾಮಾಗಿರುತ್ತೆ, ಹೋಗಿ ಬಾ.” ಇನ್ನೊಂದು, “ಅಲ್ಲೇನಿದೆ, ಸುಮ್ನೆ ಟೈಮ್ ವೇಸ್ಟ್.” ಇವಳ ವಿಷಯದಲ್ಲಿ ಎರಡೂ ತಪ್ಪಾದವು. ನನ್ನ ಸಲಹೆಯೂ ಒಂದು ಸಲ ತಪ್ಪಾಯಿತು. ಅದನ್ನೂ ಬರೆಯುತ್ತೇನೆ.

ಹೋಗುವ ಮುಂಚೆ

ಅವಳಿಗೆ ಆಗ 21 ವರ್ಷ. ಡಿಗ್ರಿ ಪರೀಕ್ಷೆ ಮುಗಿದಿತ್ತು, ಫಲಿತಾಂಶ ಬಂದಿರಲಿಲ್ಲ. ಜೊತೆಯಲ್ಲಿ ಓದಿದವರಲ್ಲಿ ಕೆಲವರು ಆಗಲೇ ಕೆಲಸಕ್ಕೆ ಸೇರಿದ್ದರು, ಉಳಿದವರು ಮುಂದೆ ಓದುವ ತಯಾರಿಯಲ್ಲಿದ್ದರು. ಇವಳಿಗೆ ಎರಡರಲ್ಲಿ ಯಾವುದು ಅಂತ ಇನ್ನೂ ಗೊತ್ತಾಗಿರಲಿಲ್ಲ. ಮನೆಯಲ್ಲಿ ಕೂತರೆ ದಿನಕ್ಕೆ ನಾಲ್ಕು ಜನ “ಮುಂದೇನು?” ಅಂತ ಕೇಳುತ್ತಾರೆ, ಅದೂ ಬೇಡವಾಗಿತ್ತು. ಅಷ್ಟರಲ್ಲಿ ಒಂದು ಸಣ್ಣ ಊರಿನ ಲೈಬ್ರರಿಯಲ್ಲಿ ಹತ್ತು ವಾರದ ತಾತ್ಕಾಲಿಕ ಕೆಲಸ ಇದೆ ಅಂತ ತಿಳಿಯಿತು. ಕೈಬರಹದ ರಿಜಿಸ್ಟರ್‌ನಲ್ಲಿರುವ ಪುಸ್ತಕಗಳ ಪಟ್ಟಿಯನ್ನು ಕಂಪ್ಯೂಟರಿಗೆ ಹಾಕಬೇಕು, ಪುಸ್ತಕದ ಬೆನ್ನಿಗೆ ನಂಬರಿನ ಲೇಬಲ್ ಅಂಟಿಸಬೇಕು. ಸಂಬಳ ಕಡಿಮೆ. ಆದರೆ ಊರು ಶಾಂತವಾಗಿರುತ್ತೆ, ಸಂಜೆ ಹೊತ್ತು ಕೂತು ಮುಂದಿನದನ್ನು ಯೋಚಿಸಬಹುದು ಅಂದುಕೊಂಡಳು.

ಸಂದರ್ಶನ ಫೋನಿನಲ್ಲೇ ಆಯಿತು, ಹದಿನೈದು ನಿಮಿಷ. ಲೈಬ್ರರಿ ನಡೆಸುವ ಸಮಿತಿಯವರೊಬ್ಬರು “ಕಂಪ್ಯೂಟರ್ ಬರುತ್ತಾ? ಟೈಪಿಂಗ್ ಬರುತ್ತಾ? ಯಾವತ್ತಿಂದ ಬರ್ತೀಯಮ್ಮ?” ಅಂತ ಕೇಳಿದರು. ಇವಳು ಸಂಬಳ ಎಷ್ಟು ಅಂತ ಕೇಳಿದಳು. ಅಷ್ಟೇ.

ಕೇಳದೆ ಬಿಟ್ಟ ಪ್ರಶ್ನೆಗಳು ಆಮೇಲೆ ಒಂದೊಂದಾಗಿ ಎದುರಿಗೆ ಬಂದವು. ಹತ್ತು ವಾರದಲ್ಲಿ ಎಷ್ಟು ಪುಸ್ತಕ ಮುಗಿಸಬೇಕು? ಮುಗಿಯದಿದ್ದರೆ ಏನು? ದಿನದಿನದ ಕೆಲಸ ಯಾರಿಗೆ ಒಪ್ಪಿಸಬೇಕು, ಸಮಿತಿಗಾ, ಲೈಬ್ರರಿಯನ್‌ಗಾ? ಉಳಿಯಲು ರೂಮು ಯಾರು ನೋಡುತ್ತಾರೆ? ಕೊನೆಯ ಬಸ್ಸು ಎಷ್ಟು ಗಂಟೆಗೆ? ವಾರದ ರಜೆ ಯಾವತ್ತು? ಇದೆಲ್ಲ ಒಂದು ಪುಟದ ಪತ್ರದಲ್ಲಿ ಹಿಡಿಯುತ್ತಿತ್ತು. “ಬೇಸಿಗೆ ಕೆಲಸ ತಾನೆ, ಅದಕ್ಕೆಲ್ಲ ಪತ್ರ ಯಾಕೆ” ಅಂತ ಅವರಿಗೂ ಅನಿಸಿತು, ಇವಳಿಗೂ ಅನಿಸಿತು. ನಾನೂ ಆಗ ಕೇಳಲಿಲ್ಲ.

ಮೊದಲ ಮೂರು ವಾರ

ಊರು ಅಂದರೆ ಒಂದು ಉದ್ದದ ಬೀದಿ, ಅದಕ್ಕೆ ಅಂಟಿಕೊಂಡ ನಾಲ್ಕಾರು ಓಣಿ. ಬೀದಿಯ ಒಂದು ತುದಿಗೆ ಬಸ್ ನಿಲ್ದಾಣ, ಇನ್ನೊಂದು ತುದಿಗೆ ಲೈಬ್ರರಿ. ಒಂದೇ ಹಾಲ್, ಎರಡು ದೊಡ್ಡ ಕಿಟಕಿ, ಗೋಡೆಗುಂಟ ಕಪಾಟುಗಳು, ಸುಮಾರು 4,100 ಪುಸ್ತಕ. ನೋಡಿಕೊಳ್ಳುವವರು ಲೈಬ್ರರಿಯನ್ ಮೇಡಂ ಒಬ್ಬರೇ. ಅವರು ಅಲ್ಲಿಗೆ ಬಂದು 26 ವರ್ಷ ಆಗಿತ್ತು.

ಬಂದ ದಿನ ಕೆಲಸ ಸುಲಭ ಅನಿಸಿತ್ತು. ಪುಸ್ತಕದ ಹಿಂದಿನ ಬಾರ್‌ಕೋಡ್ ಫೋನಿನಲ್ಲಿ ಸ್ಕ್ಯಾನ್ ಮಾಡಿದರೆ ಹೆಸರು, ಲೇಖಕರು, ಪ್ರಕಾಶಕರು ಎಲ್ಲ ತಾನಾಗಿ ಬರುತ್ತೆ, ದಿನಕ್ಕೆ ನೂರೈವತ್ತು ಮಾಡಿದರೂ ಐದು ವಾರ ಸಾಕು ಅಂತ ಲೆಕ್ಕ ಹಾಕಿದ್ದಳು. ಕಪಾಟಿನ ಮುಂದೆ ನಿಂತ ಮೇಲೆ ಲೆಕ್ಕ ತಪ್ಪಿತು. ಬಾರ್‌ಕೋಡಿನಲ್ಲಿ ಇರುವುದು ಐಎಸ್‌ಬಿಎನ್, ಅಂದರೆ ಪುಸ್ತಕಕ್ಕೆ ಕೊಡುವ ಗುರುತಿನ ಸಂಖ್ಯೆ. ಅದು ಅಂತರರಾಷ್ಟ್ರೀಯ ಮಾನದಂಡ ಆದದ್ದೇ 1970ರಲ್ಲಿ. ಅದಕ್ಕಿಂತ ಹಿಂದಿನ ಪುಸ್ತಕಗಳಲ್ಲಿ ಅದು ಇರುವುದಿಲ್ಲ. ಸಣ್ಣ ಪ್ರಕಾಶಕರ ಎಷ್ಟೋ ಹೊಸ ಪುಸ್ತಕಗಳಲ್ಲೂ ಇರಲಿಲ್ಲ. ನಾಲ್ಕರಲ್ಲಿ ಮೂರು ಪುಸ್ತಕವನ್ನು ಕೈಯಲ್ಲೇ ಟೈಪ್ ಮಾಡಬೇಕಾಯಿತು. ವಾರದ ಕೊನೆಗೆ ಆಗಿದ್ದು 210.

ಅವಸರ ಶುರುವಾದದ್ದು ಅಲ್ಲಿಂದ.

ಎರಡನೇ ವಾರ ಮೇಡಂ ಮನೆಯ ಕೆಲಸಕ್ಕೆ ಅಂತ ನಾಲ್ಕು ದಿನ ರಜೆ ಹಾಕಿದರು. ಅವರ ಜೋಡಣೆ ಇವಳಿಗೆ ತಲೆಬುಡ ಅರ್ಥವಾಗಿರಲಿಲ್ಲ. ಕಿಟಕಿ ಪಕ್ಕದ ಕಪಾಟಿನಲ್ಲಿ ಕಥೆ, ಪ್ರವಾಸ, ಬಾವಿ ತೋಡುವುದು, ಯಾರೋ ವೈದ್ಯರ ಆತ್ಮಕಥೆ, ಎಲ್ಲ ಅಕ್ಕಪಕ್ಕ. ಹೀಗೆ ಇದ್ದರೆ ಪಟ್ಟಿ ಮಾಡುವುದು ನಿಧಾನ, ಮೊದಲು ಸರಿಯಾಗಿ ಜೋಡಿಸಿಕೊಂಡರೆ ಟೈಪಿಂಗ್ ಬೇಗ ಆಗುತ್ತೆ ಅಂತ ಯೋಚಿಸಿದಳು. ಕಿಟಕಿ ಕಡೆಯ ಆರು ಕಪಾಟು ಪೂರ್ತಿ ಖಾಲಿ ಮಾಡಿ, ನೆಲದ ಮೇಲೆ ಹರಡಿ, ಡ್ಯೂಯಿ ಕ್ರಮದಲ್ಲಿ ಮತ್ತೆ ಜೋಡಿಸಿದಳು. ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ಪದ್ಧತಿ ಅದು. ಎಲ್ಲ ವಿಷಯಗಳನ್ನೂ ಹತ್ತು ದೊಡ್ಡ ಗುಂಪು ಮಾಡಿ 000ಯಿಂದ 999ರವರೆಗೆ ಸಂಖ್ಯೆ ಕೊಡುತ್ತದೆ. 610 ವೈದ್ಯಕೀಯ, 630 ಕೃಷಿ, 800 ಸಾಹಿತ್ಯ, ಹೀಗೆ. ಬೆನ್ನಿನ ಮೇಲೆ ಬಿಳಿ ಲೇಬಲ್‌ಗಳು ಸಾಲಾಗಿ ಕೂತಾಗ ನೋಡಲು ಚೆನ್ನಾಗಿತ್ತು. ಫೋಟೋ ತೆಗೆದು ನನಗೂ ಕಳಿಸಿದ್ದಳು. ನಾನು “ಭೇಷ್” ಅಂತ ಉತ್ತರ ಹಾಕಿದ್ದೆ.

ಬದಲಾಯಿಸುವ ಮುಂಚಿನ ಫೋಟೋ ಇದೆಯಾ ಅಂತ ಇಬ್ಬರಿಗೂ ಹೊಳೆಯಲಿಲ್ಲ.

ಮೇಡಂ ವಾಪಸ್ ಬಂದರು. ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತರು. “ತುಂಬ ಕೆಲಸ ಮಾಡಿದೀಯಮ್ಮ” ಅಂದರು. ಇವಳು ಅದನ್ನು ಹೊಗಳಿಕೆ ಅಂತಲೇ ತೆಗೆದುಕೊಂಡಳು.

ಇನ್ನು ಸಂಜೆಗಳು. ಲೈಬ್ರರಿ ಐದು ಗಂಟೆಗೆ ಮುಚ್ಚುತ್ತಿತ್ತು. ಆರೂವರೆಗೆ ಕೊನೆಯ ಬಸ್ಸು ಹೋದರೆ ಬೀದಿ ಖಾಲಿ. ರೂಮು ಒಬ್ಬ ಅಜ್ಜಿಯ ಮನೆಯ ಮಹಡಿ ಮೇಲೆ. ಫೋನಿಗೆ ಸಿಗ್ನಲ್ ಸಿಗುತ್ತಿದ್ದದ್ದು ಟೆರೇಸಿನ ಒಂದು ಮೂಲೆಯಲ್ಲಿ ಮಾತ್ರ. ನೀರಿನ ಟ್ಯಾಂಕಿಗೆ ಒರಗಿಕೊಂಡು ನಿಂತು ಮಾತಾಡಬೇಕು. “ಫ್ಯಾನ್ ಸದ್ದು ಬಿಟ್ಟರೆ ಏನೂ ಇಲ್ಲ ಸರ್” ಅನ್ನುತ್ತಿದ್ದಳು. ಮುಂದಿನ ದಾರಿ ಯೋಚಿಸಲು ಅಂತ ಒಂದು ಹೊಸ ನೋಟ್‌ಬುಕ್ ತಂದಿದ್ದಳು. ಎರಡು ವಾರ ಕಳೆದರೂ ಮೊದಲ ಪುಟದ ತಾರೀಕು ಬಿಟ್ಟು ಅದರಲ್ಲಿ ಇನ್ನೇನೂ ಇರಲಿಲ್ಲ. ಸದ್ದಿಲ್ಲದ ಕಡೆ ತಲೆ ತಾನಾಗಿ ಓಡುತ್ತೆ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ ಅಲ್ವಾ? ಇಡೀ ದಿನ ಯಾರ ಹತ್ತಿರವೂ ಮನಸ್ಸು ಬಿಚ್ಚಿ ಮಾತಾಡದೆ ಸಂಜೆ ಒಬ್ಬಳೇ ಕೂತರೆ ಬರುವುದು ಹಳೆಯ ಚಿಂತೆಗಳೇ. ಅದೂ ಜಾಸ್ತಿಯಾಗಿ.

ಅದರ ಜೊತೆ ಇನ್ನೊಂದು ಕಿರಿಕಿರಿ. ಮಾತಾಡುವವರು ಇಲ್ಲ, ಆದರೆ ಇವಳ ಬಗ್ಗೆ ಎಲ್ಲರಿಗೂ ಗೊತ್ತು. ರಾತ್ರಿ ಎಷ್ಟು ಗಂಟೆಗೆ ಲೈಟ್ ಆರಿಸಿದಳು, ಭಾನುವಾರ ಯಾಕೆ ಊರಿಗೆ ಹೋಗಲಿಲ್ಲ, ಫೋನಿನಲ್ಲಿ ಯಾರ ಜೊತೆ ಅಷ್ಟು ಹೊತ್ತು ಮಾತು, ಎಲ್ಲವೂ ಮರುದಿನ ಯಾರದೋ ಬಾಯಲ್ಲಿ ಕೇಳಿಬರುತ್ತಿತ್ತು.

ಮೂರನೇ ವಾರದ ಕೊನೆಗೆ ಸಮಿತಿಗೆ ಕಳಿಸಲು ಒಂದು ಮೆಸೇಜ್ ಟೈಪ್ ಮಾಡಿದಳು, ವೈಯಕ್ತಿಕ ಕಾರಣದಿಂದ ಕೆಲಸ ಬಿಡುತ್ತಿದ್ದೇನೆ ಅಂತ. ಕಳಿಸುವ ಮುಂಚೆ ನನಗೆ ಫೋನ್ ಮಾಡಿದಳು. ನಾನು ಹೇಳಿದ್ದು ಇಷ್ಟು: “ಹತ್ತು ವಾರ ತಾನೆ, ಮೂರು ಆಗೇ ಹೋಯ್ತು. ಹಲ್ಲು ಕಚ್ಚಿ ಇದ್ದುಬಿಡು.” ಅವಳು ಹೂಂ ಅಂದು ಇಟ್ಟಳು. ಮರುದಿನದಿಂದ ಕ್ಯಾಲೆಂಡರಿನಲ್ಲಿ ದಿನ ಹೊಡೆದುಹಾಕಲು ಶುರುಮಾಡಿದಳಂತೆ. ದಿನ ಎಣಿಸಲು ಕೂತವರಿಗೆ ದಿನ ಸಾಗುವುದೇ ಇಲ್ಲ. ಅವಳ ಕಷ್ಟ ಏನು ಅಂತ ಕೇಳದೆ, ಅದು ಯಾವಾಗ ಮುಗಿಯುತ್ತೆ ಅಂತ ಹೇಳಿಬಿಟ್ಟೆ. ಅದು ನನ್ನ ತಪ್ಪು.

ಅಜ್ಜಿ ಹೇಳಿದ ಸುದ್ದಿ

ಅದಾಗಿ ಎರಡು ದಿನಕ್ಕೆ, ನೀರು ತುಂಬಿಸಿಕೊಳ್ಳಲು ಕೆಳಗೆ ಇಳಿದಾಗ ಮನೆಯ ಅಜ್ಜಿ ತಡೆದು ಕೇಳಿದರು. “ಏನಮ್ಮಾ, ಲೈಬ್ರರೀಲಿ ಪುಸ್ತಕ ಎಲ್ಲಾ ಕಲಸಿಟ್ಟಿದೀಯಂತೆ? ಹಿಂದಿನ ಓಣಿ ಮೇಷ್ಟ್ರು ಎರಡು ಸಲ ಬಂದು ಸುಮ್ನೆ ವಾಪಸ್ ಹೋದ್ರಂತಲ್ಲ.”

ಅವಳಿಗೆ ಸಿಟ್ಟು ಬಂತು. ಕಲಸಿಟ್ಟದ್ದಾ? ನಾಲ್ಕು ದಿನ ಬೆನ್ನು ನೋಯಿಸಿಕೊಂಡು ಸರಿಮಾಡಿದ್ದನ್ನು ಊರೆಲ್ಲ ಹೀಗಾ ಮಾತಾಡೋದು? ರಾತ್ರಿ ನಿದ್ದೆ ಬರಲಿಲ್ಲ. ಆದರೆ “ಎರಡು ಸಲ ಬಂದು ವಾಪಸ್” ಅನ್ನುವ ಮಾತು ಮಾತ್ರ ತಲೆಯಲ್ಲಿ ಕೂತುಬಿಟ್ಟಿತು. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ, ಪುಸ್ತಕ ಕೊಡುವ ರಿಜಿಸ್ಟರ್ ತೆಗೆದು ದಿನದಿನದ ಸಾಲುಗಳನ್ನು ಎಣಿಸಿದಳು. ಜೋಡಣೆ ಬದಲಾಯಿಸುವ ಮುಂಚೆ ದಿನಕ್ಕೆ ಸುಮಾರು 24 ಪುಸ್ತಕ ಹೋಗುತ್ತಿದ್ದವು. ಆಮೇಲೆ 15, ಆಮೇಲೆ 11.

ಆ ಊರಿನಲ್ಲಿ ತನ್ನ ವಿಷಯ ಎಲ್ಲರ ಬಾಯಲ್ಲೂ ಓಡಾಡುತ್ತೆ ಅನ್ನುವುದೇ ಅವಳ ದೊಡ್ಡ ದೂರಾಗಿತ್ತು. ಈ ಸುದ್ದಿ ಬಂದದ್ದೂ ಅದೇ ದಾರಿಯಲ್ಲಿ. ಅಜ್ಜಿ ಕೇಳದಿದ್ದರೆ ಹತ್ತು ವಾರ ಮುಗಿಯುವವರೆಗೂ ಗೊತ್ತಾಗುತ್ತಿರಲಿಲ್ಲ, ಯಾಕೆಂದರೆ ಲೈಬ್ರರಿಗೆ ಬಂದವರು ಒಬ್ಬರೂ ಅವಳ ಮುಖಕ್ಕೆ ಏನೂ ಹೇಳಿರಲಿಲ್ಲ. ಹೊಸ ಹುಡುಗಿ, ಕಷ್ಟಪಟ್ಟು ಮಾಡಿದಾಳೆ, ಬೇಜಾರು ಮಾಡಿಕೊಂಡಾಳು ಅಂತ ಸುಮ್ಮನೆ ವಾಪಸ್ ಹೋಗಿದ್ದರು.

ಮೊದಲು ಅವಳು ಒಂದು ಬೋರ್ಡ್ ಬರೆದಳು. 000 ಸಾಮಾನ್ಯ, 100 ತತ್ವಶಾಸ್ತ್ರ, 200 ಧರ್ಮ, ಹೀಗೆ 900ರವರೆಗೆ, ದಪ್ಪ ಅಕ್ಷರದಲ್ಲಿ. ಯಾರೂ ಓದಲಿಲ್ಲ. ಆಮೇಲೆ ಬಂದವರ ಹಿಂದೆ ಹಿಂದೆ ಹೋಗಿ “ಏನು ಬೇಕು, ತೆಗೆದುಕೊಡಲಾ?” ಅಂತ ಕೇಳತೊಡಗಿದಳು. ಜನಕ್ಕೆ ಅದು ಇನ್ನೂ ಮುಜುಗರ. ಒಬ್ಬ ಹೆಂಗಸು “ಏನಿಲ್ಲ, ಸುಮ್ನೆ ಬಂದೆ” ಅಂತ ಹೇಳಿ ಹೊರಟೇಹೋದರು. ಎರಡೂ ಕೆಲಸ ಮಾಡಲಿಲ್ಲ. ಆಗ ಮೇಡಂ ಹತ್ತಿರ ಹೋಗಿ ಎಲ್ಲ ಹೇಳಿದಳು. ಕೆಲಸ ಬಿಡಬೇಕು ಅನಿಸಿದೆ ಅನ್ನುವುದನ್ನೂ ಹೇಳಿಬಿಟ್ಟಳು. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ತಿರುವು ಇದೇ. ತಪ್ಪು ಗೊತ್ತಾದ ಮೇಲೆ ಅದನ್ನು ಯಾರಿಗೂ ಕಾಣದ ಹಾಗೆ ತಾನೇ ಸರಿಮಾಡಲು ಅವಳು ಇನ್ನೊಂದು ವಾರ ಕಳೆಯಬಹುದಿತ್ತು. ತುಂಬ ಜನ ಹಾಗೇ ಮಾಡುತ್ತಾರೆ.

ಮೇಡಂ ಬೈಯಲಿಲ್ಲ. ಬಿಡುವ ವಿಷಯಕ್ಕೆ ಅವರು ಒಂದು ಹಳೆಯ ಕಥೆ ಹೇಳಿದರು, ಅದು ನಡೆದದ್ದೇ. ಎಸ್.ಆರ್. ರಂಗನಾಥನ್ ಗಣಿತದ ಮೇಷ್ಟರಾಗಿದ್ದವರು. 1924ರ ಜನವರಿಯಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರರಿಯನ್ ಆದರು. ತರಗತಿಯ ಗದ್ದಲದಲ್ಲಿ ಇದ್ದವರಿಗೆ ಆ ಒಂಟಿತನ, ಆ ಬೇಜಾರು ತಡೆಯಲು ಆಗಲಿಲ್ಲ. ಕೆಲವೇ ವಾರದಲ್ಲಿ ವಾಪಸ್ ಹೋಗಿ, ನನಗೆ ಪಾಠ ಮಾಡುವ ಕೆಲಸವನ್ನೇ ಕೊಡಿ ಅಂತ ಕೇಳಿಕೊಂಡರು. ಮೇಲಿನವರು ಬೇಡ ಅನ್ನಲಿಲ್ಲ, ಒಂದು ಷರತ್ತು ಹಾಕಿದರು. ಲಂಡನ್ನಿಗೆ ಹೋಗಿ ಈ ವಿದ್ಯೆ ಕಲಿತು ಬನ್ನಿ, ಬಂದ ಮೇಲೂ ಬೇಡ ಅನಿಸಿದರೆ ಗಣಿತದ ಕೆಲಸ ನಿಮ್ಮದೇ. ಅಲ್ಲಿ ಲೈಬ್ರರಿಗಳು ಜನರ ನಡುವೆ ಹೇಗೆ ನಡೆಯುತ್ತವೆ ಅಂತ ನೋಡಿ ಬಂದವರು ಮತ್ತೆ ಪಾಠದ ಕೆಲಸ ಕೇಳಲಿಲ್ಲ. ಸುಮಾರು ಎರಡು ದಶಕ ಅದೇ ಲೈಬ್ರರಿಯಲ್ಲಿ ಇದ್ದರು. “ಬಿಡಬೇಕು ಅನಿಸೋದು ತಪ್ಪಲ್ಲಮ್ಮ. ಆರನೇ ವಾರದ ಶನಿವಾರ ನೀನೇ ಬಂದು ಹೇಳು. ಹೋಗ್ತೀನಿ ಅಂದ್ರೆ ಸಮಿತಿಯವರ ಹತ್ರ ನಾನೇ ಮಾತಾಡ್ತೀನಿ. ಅಲ್ಲಿವರೆಗೆ ಟೈಪಿಂಗ್ ಕಡಿಮೆ ಮಾಡು, ಬಾಗಿಲ ಹತ್ರ ಕೂತ್ಕೋ.”

ಹಲ್ಲು ಕಚ್ಚಿ ಇರು ಅಂದ ನನ್ನ ಮಾತಿಗೂ ಇದಕ್ಕೂ ಎಷ್ಟು ವ್ಯತ್ಯಾಸ ನೋಡಿ. ಅವರು ಬಿಡಲು ಒಂದು ದಿನ ಗೊತ್ತುಮಾಡಿಕೊಟ್ಟರು, ಅಲ್ಲಿಯವರೆಗೆ ಮಾಡಲು ಬೇರೆ ಥರದ ಒಂದು ಕೆಲಸವನ್ನೂ ಕೊಟ್ಟರು. ಅವಳು ಮೆಸೇಜ್ ಅಳಿಸಿದ್ದು ಅವತ್ತೇ.

ಬಾಗಿಲ ಹತ್ತಿರ ಕುರ್ಚಿ

ಆರು ದಿನ ಅವಳು ಬಾಗಿಲ ಪಕ್ಕ ಕೂತು, ಬಂದವರು ಮೇಡಂ ಹತ್ತಿರ ಕೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದುಕೊಂಡಳು. ಖಾಲಿ ಬಿದ್ದಿದ್ದ ಆ ನೋಟ್‌ಬುಕ್ ತುಂಬಲು ಶುರುವಾದದ್ದು ಹೀಗೆ. “ಹೋದ ಸಲ ತಗೊಂಡಿದ್ನಲ್ಲ, ಹಸಿರು ರಟ್ಟು.” “ಬಾವಿ ನೀರು ಉಪ್ಪಾಗಿದೆ, ಅದಕ್ಕೇನಾದ್ರೂ ಇದೆಯಾ?” “ಮಗು ರಾತ್ರಿ ಹೆದರುತ್ತೆ, ಓದಿ ಹೇಳೋ ಥರದ್ದು ಕೊಡಿ.” “ಜಗಳದ ಕಥೆ ಬೇಡ, ನಗೋ ಥರ ಇರಲಿ.” ಒಟ್ಟು 74 ಪ್ರಶ್ನೆ. ಅದರಲ್ಲಿ ಪುಸ್ತಕದ ಹೆಸರನ್ನೋ ಲೇಖಕರ ಹೆಸರನ್ನೋ ಹೇಳಿ ಕೇಳಿದವರು 9 ಜನ ಮಾತ್ರ. ಅವಳು ಕಂಪ್ಯೂಟರಿನಲ್ಲಿ ಮಾಡುತ್ತಿದ್ದ ಪಟ್ಟಿಯಲ್ಲಿ ಹುಡುಕಲು ಇದ್ದದ್ದು ಆ ಎರಡೇ ದಾರಿ.

ಬಾವಿ ನೀರಿನ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಡ್ಯೂಯಿ ಪ್ರಕಾರ ಅಂತರ್ಜಲ 551ರಲ್ಲಿ, ಭೂವಿಜ್ಞಾನದ ಜೊತೆ. ಕುಡಿಯುವ ನೀರಿನ ಪೂರೈಕೆ 628ರಲ್ಲಿ, ಎಂಜಿನಿಯರಿಂಗ್ ಜೊತೆ. ಹೊಲಕ್ಕೆ ನೀರು ಹಾಯಿಸುವುದು 631ರಲ್ಲಿ, ಕೃಷಿಯ ಜೊತೆ. ವಿಷಯ ಒಂದೇ ಆದರೂ ಪುಸ್ತಕಗಳು ಬೇರೆ ಬೇರೆ ಕಡೆ ಹೋಗುತ್ತವೆ ಅಂತ ಡ್ಯೂಯಿಗೂ ಗೊತ್ತಿತ್ತು. ಅದಕ್ಕೇ ಎಲ್ಲೆಲ್ಲಿ ಹುಡುಕಬೇಕು ಅಂತ ಹೇಳುವ ಸೂಚಿಯೊಂದನ್ನು ಪದ್ಧತಿಯ ಜೊತೆಗೇ ಕೊಟ್ಟಿದ್ದರು. ಇವಳು ನಂಬರ್ ಹಾಕಿದಳು, ಸೂಚಿಯ ಕಡೆ ನೋಡಲೇ ಇಲ್ಲ. ಮೇಡಂ ಜೋಡಣೆಯಲ್ಲಿ ನೀರಿನ ಪುಸ್ತಕಗಳೆಲ್ಲ ಒಂದೇ ಕಡೆ ಇದ್ದವು, ಯಾಕೆಂದರೆ ಅಲ್ಲಿಗೆ ಬರುವವರಿಗೆ ಅದು ಒಂದೇ ವಿಷಯ.

ಮೇಷ್ಟರ ಮನೆಗೆ ಹೋಗಬೇಕು ಅಂತ ಅವಳಿಗೆ ಅನಿಸಿತು. ಒಂದೆರಡು ಪುಸ್ತಕ ಹಿಡಿದುಕೊಂಡು ಹೊರಟಿದ್ದಳು. ಮೇಡಂ ತಡೆದರು. “ಪುಸ್ತಕ ಬಿಟ್ಟು ಹೋಗು. ಕೊಡೋಕೆ ಹೋಗಬೇಡ, ಕೇಳೋಕೆ ಹೋಗು.”

ಮೇಷ್ಟರಿಗೆ ಕಣ್ಣು ಮಂದ. ದೊಡ್ಡ ಅಕ್ಷರವನ್ನು ಭೂತಗನ್ನಡಿ ಹಿಡಿದು ಓದುತ್ತಾರೆ, ಬೆನ್ನಿನ ಮೇಲಿನ ಸಣ್ಣ ಅಕ್ಷರ ಕಾಣುವುದೇ ಇಲ್ಲ. “ನಾನು ಕೈಯಲ್ಲಿ ಹುಡುಕೋದಮ್ಮ” ಅಂದರು. ಎದುರಿಗಿದ್ದ ಮೇಜಿನ ಅಂಚಿಗೆ ಎಡಗೈ ಇಟ್ಟರು. “ಇದು ಕಿಟಕಿ ಚೌಕಟ್ಟು.” ಅಲ್ಲಿಂದ ಬಲಗೈಯನ್ನು ನಿಧಾನಕ್ಕೆ ಸರಿಸುತ್ತ, ಬೆರಳಿನಿಂದ ಗಾಳಿಯಲ್ಲೇ ಪುಸ್ತಕಗಳ ಬೆನ್ನು ಮುಟ್ಟಿದ ಹಾಗೆ ಎಣಿಸಿದರು. ಮೊಣಕೈ ಎತ್ತರದ ತಟ್ಟು, ಅಂದರೆ ಕಪಾಟಿನ ಅಡ್ಡ ಹಲಗೆಯ ಸಾಲು, ಚೌಕಟ್ಟಿನಿಂದ ಒಂದು ಗೇಣು ಬಿಟ್ಟು ದಪ್ಪ ಪುಸ್ತಕಗಳು, ಅದರಾಚೆ ಬಟ್ಟೆ ರಟ್ಟಿನವು. ಓದಿದ್ದನ್ನು ಅಡ್ಡ ಮಲಗಿಸಿ ಇಟ್ಟು ಬರುತ್ತಿದ್ದರಂತೆ, ಮುಂದಿನ ಸಲಕ್ಕೆ ಗುರುತು ಅಂತ. ಇವಳು ಜೋಡಿಸುವಾಗ ಅಡ್ಡ ಬಿದ್ದಿದ್ದ ಪುಸ್ತಕಗಳನ್ನೆಲ್ಲ ನೆಟ್ಟಗೆ ನಿಲ್ಲಿಸಿದ್ದಳು. ಯಾರೋ ಶಿಸ್ತಿಲ್ಲದವರು ಹೀಗೆ ಬಿಸಾಡಿ ಹೋಗಿದ್ದಾರೆ ಅಂತ ಅಂದುಕೊಂಡಿದ್ದಳು.

ಕಿಟಕಿ ಪಕ್ಕದ ಕಪಾಟು ಅವರೊಬ್ಬರದೇ ಆಗಿರಲಿಲ್ಲ. ಕಣ್ಣು ಮಂದವಾದವರು, ಬಗ್ಗಲು ಆಗದವರು ಐದಾರು ಜನ ಇದ್ದರು. ಬೆಳಕು ಬೀಳುವ ಕಡೆ, ಕೈಗೆ ಎಟಕುವ ಎತ್ತರದಲ್ಲಿ, ಅವರು ಓದುವಂಥದ್ದನ್ನು ಮೇಡಂ ಇಟ್ಟುಕೊಂಡು ಬಂದಿದ್ದರು. ಇದೆಲ್ಲ ಎಲ್ಲೂ ಬರೆದಿರಲಿಲ್ಲ. ಇಲ್ಲಿ ಮೇಡಂ ತಪ್ಪೂ ಇದೆ ಅಂತ ನನಗೆ ಅನಿಸುತ್ತದೆ. 26 ವರ್ಷದ ತಿಳುವಳಿಕೆ ಒಬ್ಬರ ತಲೆಯಲ್ಲೇ ಇದ್ದರೆ, ಅವರು ನಾಲ್ಕು ದಿನ ರಜೆ ಹಾಕಿದರೂ ಸಾಕು, ಲೈಬ್ರರಿಗೆ ಪೆಟ್ಟು ಬೀಳುತ್ತದೆ. ಅವರು ನಿವೃತ್ತರಾಗುವ ದಿನವೂ ದೂರ ಇರಲಿಲ್ಲ.

ಆಮೇಲೆ ಆದದ್ದು

ಹಳೆಯ ಜೋಡಣೆಯನ್ನು ವಾಪಸ್ ತರುವುದು ಕಷ್ಟವಾಯಿತು. ಮೊದಲಿನ ಫೋಟೋ ಇರಲಿಲ್ಲ. ಮೇಡಂ ನೆನಪಿನಿಂದ ಹೇಳಿದರು, ಮೇಷ್ಟ್ರು ಬಂದು ಕೈಯಾಡಿಸಿ ನಾಲ್ಕು ತಟ್ಟು ಸರಿಮಾಡಿಸಿದರು. ಎರಡು ತಟ್ಟುಗಳಲ್ಲಿ ಏನೇನು ಹೇಗಿತ್ತು ಅಂತ ಯಾರಿಗೂ ನೆನಪಾಗಲಿಲ್ಲ. ಅವು ಇವತ್ತಿಗೂ ಮೊದಲಿನಂತಿಲ್ಲ.

ಡ್ಯೂಯಿ ನಂಬರನ್ನು ಅವಳು ಬಿಡಲಿಲ್ಲ, ಅದು ಒಳ್ಳೆಯ ನಿರ್ಧಾರ. ಮುಂದೆ ಯಾರೇ ಲೈಬ್ರರಿಯನ್ ಬಂದರೂ ಆ ನಂಬರ್ ಅವರಿಗೆ ಬೇಕು. ಲೇಬಲ್ ಪುಸ್ತಕದ ಬೆನ್ನಿನ ಮೇಲೆ ಹಾಗೇ ಇತ್ತು, ಕಂಪ್ಯೂಟರಿನ ಪಟ್ಟಿಯಲ್ಲೂ ಇತ್ತು. ಅದರ ಪಕ್ಕದಲ್ಲಿ ಎರಡು ಹೊಸ ಕಾಲಂ ಸೇರಿಸಿದಳು. ಒಂದು, ಪುಸ್ತಕ ಈಗ ಯಾವ ಕಪಾಟಿನ ಯಾವ ತಟ್ಟಿನಲ್ಲಿದೆ. ಇನ್ನೊಂದು, ಜನ ಅದನ್ನು ಏನಂತ ಕೇಳುತ್ತಾರೆ. “ಬಾವಿ”, “ಉಪ್ಪು ನೀರು”, “ಮಗು ಹೆದರೋದು”, ಹೀಗೆ ನೋಟ್‌ಬುಕ್ಕಿನಿಂದ ಎತ್ತಿಕೊಂಡ ಮಾತುಗಳು. ಹುಡುಕುವ ಪೆಟ್ಟಿಗೆಯಲ್ಲಿ ಬಾವಿ ಅಂತ ಹಾಕಿದರೆ ಮೂರೂ ನಂಬರಿನ ಪುಸ್ತಕಗಳು ಒಟ್ಟಿಗೆ ಬರುತ್ತಿದ್ದವು. ರಂಗನಾಥನ್ 1931ರಲ್ಲಿ ಲೈಬ್ರರಿಗಳಿಗೆ ಅಂತ ಹೇಳಿದ ಐದು ಸೂತ್ರಗಳಲ್ಲಿ ಒಂದು, ಓದುಗರ ಸಮಯ ಉಳಿಸಿ ಅಂತ. ಇಂಥದ್ದನ್ನು ನೋಡಿದಾಗ ಅದರ ಅರ್ಥ ಚೆನ್ನಾಗಿ ತಿಳಿಯುತ್ತದೆ.

ಆರನೇ ವಾರದ ಶನಿವಾರ ಬಂತು. ಏನು ತೀರ್ಮಾನ ಮಾಡಿದೆ ಅಂತ ನಾನು ಫೋನ್ ಮಾಡಿ ಕೇಳಿದೆ. ಯಾವ ಶನಿವಾರ ಅಂತ ಅವಳಿಗೆ ತಕ್ಷಣ ನೆನಪಾಗಲಿಲ್ಲ. ಸಂಜೆಗಳು ಆಗಲೂ ಉದ್ದವೇ ಇದ್ದವು, ಅದು ಪೂರ್ತಿ ಹೋಗಲಿಲ್ಲ. ಆದರೆ ಮುಚ್ಚುವ ಹೊತ್ತಿಗೆ ಬರುತ್ತಿದ್ದ ಮೂರು ಮಕ್ಕಳಿಗೆ ಅರ್ಧ ಗಂಟೆ ಕಥೆ ಓದಿ ಹೇಳುವುದು ರೂಢಿಯಾಗಿತ್ತು. ಅವರ ಜೊತೆ ನಡೆದುಕೊಂಡು ರೂಮಿಗೆ ಬರುವಷ್ಟರಲ್ಲಿ ಆರೂವರೆಯ ಬಸ್ಸು ಹೋಗಿರುತ್ತಿತ್ತು.

ಒಂಬತ್ತನೇ ವಾರಕ್ಕೆ ದಿನಕ್ಕೆ 20ರ ಹತ್ತಿರ ಪುಸ್ತಕಗಳು ಹೋಗತೊಡಗಿದವು. ಮೊದಲಿನ 24ಕ್ಕೆ ಮುಟ್ಟಲಿಲ್ಲ. ಕಪಾಟು ಸರಿಮಾಡಿಸಲು ಬಂದದ್ದನ್ನು ಬಿಟ್ಟರೆ ಮೇಷ್ಟ್ರು ಓದಲು ಅಂತ ಬಂದದ್ದು ಎರಡೇ ಸಲ. ಕಣ್ಣು ಇನ್ನಷ್ಟು ಮಂದವಾಗಿತ್ತಾ, ಅಥವಾ ಒಂದು ತಿಂಗಳು ಬಿಟ್ಟಿದ್ದಕ್ಕೆ ರೂಢಿ ತಪ್ಪಿತಾ, ಅವಳಿಗೂ ಗೊತ್ತಿಲ್ಲ. ಅದೊಂದು ಅವಳನ್ನು ಈಗಲೂ ಕಾಡುತ್ತದೆ.

ಕೊನೆಯಲ್ಲಿ ಸಂಬಳದ ತಕರಾರು ಬಂತು. ಪಟ್ಟಿಗೆ ಸೇರಿದ್ದು 2,640 ಪುಸ್ತಕ. ಸಮಿತಿಯವರು ಪೂರ್ತಿ ಆಗಿಲ್ಲ, ಆದ್ದರಿಂದ ಕೊನೆಯ ಎರಡು ವಾರದ ಹಣ ಉಳಿದದ್ದು ಮುಗಿದ ಮೇಲೆ ಅಂದರು. ಪೂರ್ತಿ ಅಂದರೆ ಎಷ್ಟು ಅಂತ ಎಲ್ಲೂ ಬರೆದಿರಲಿಲ್ಲ. ಅವಳನ್ನು ಕಾಪಾಡಿದ್ದು ನಾಲ್ಕನೇ ವಾರದಿಂದ ಬರೆದಿಟ್ಟ ದಿನಚರಿ. ಇವತ್ತು ಎಷ್ಟು ಪುಸ್ತಕ, ಎಷ್ಟು ಹೊತ್ತು ಬಾಗಿಲಲ್ಲಿ, ಯಾರು ಹೇಳಿದ ಕೆಲಸ, ಎಲ್ಲ ಒಂದೊಂದು ಸಾಲು. ಮೇಡಂ ಅದರ ಕೆಳಗೆ ಸಹಿ ಹಾಕಿಕೊಟ್ಟರು. ಹಣ ಒಂದು ತಿಂಗಳು ತಡವಾಗಿ, ಪೂರ್ತಿ ಬಂತು.

ನಾನು ಈಗ ಬೇರೆ ಥರ ಕೇಳುವ ಪ್ರಶ್ನೆಗಳು

ಈ ಪ್ರಕರಣದ ಮೇಲೆ ನನ್ನ ಸಲಹೆ ಬದಲಾಗಿದೆ. ಸಣ್ಣ ಊರಿಗೆ ಹೊರಟವರಿಗೆ ಮೊದಲು ಹೇಳುವುದು ಆ ಒಂದು ಪುಟದ ಪತ್ರದ ವಿಷಯ. ಅವರು ಬರೆದುಕೊಡದಿದ್ದರೆ, ಫೋನಿನಲ್ಲಿ ಮಾತಾಡಿದ್ದನ್ನು ನೀನೇ ಬರೆದು “ಹೀಗೆ ಅಂತ ಅರ್ಥ ಮಾಡಿಕೊಂಡಿದ್ದೇನೆ, ಸರಿಯಾ?” ಅಂತ ಕಳಿಸು ಅನ್ನುತ್ತೇನೆ. ಎಷ್ಟು ಕೆಲಸ, ಯಾರಿಗೆ ಒಪ್ಪಿಸುವುದು, ಹಣ ಯಾವಾಗ, ಈ ಮೂರು ಇದ್ದರೂ ಸಾಕು.

ಎರಡನೆಯದು, ಮೊದಲ ಎರಡು ವಾರ ಏನನ್ನೂ ಜಾಗ ಬದಲಾಯಿಸಬೇಡ. ಕಾಲೇಜಿನಿಂದ ಬಂದವರ ಕೈ ಚುರುಕು, ಕಣ್ಣಿಗೆ ತಪ್ಪುಗಳು ಬೇಗ ಕಾಣುತ್ತವೆ. ಆದರೆ ಅಂಥ ಕಡೆ ಅಸ್ತವ್ಯಸ್ತ ಅಂತ ಕಂಡದ್ದರ ಹಿಂದೆ ಯಾರೋ ಒಬ್ಬರ ಅನುಕೂಲ ಇರಬಹುದು. ಕಾಗದದಲ್ಲಿ ಹುಡುಕಿದರೆ ಅದು ಸಿಗುವುದಿಲ್ಲ, ಕೇಳಬೇಕು. ಬದಲಾಯಿಸಲೇಬೇಕಾದರೆ ಮೊದಲು ಫೋಟೋ ತೆಗೆ, ಒಂದು ತಟ್ಟು ಮಾತ್ರ ಬದಲಾಯಿಸಿ ವಾರ ಕಾದು ನೋಡು. ಆರು ಕಪಾಟು ಒಟ್ಟಿಗೆ ಬೇಡ.

ಮತ್ತೆ ಸಂಜೆಗಳ ವಿಷಯ. ಐದರಿಂದ ಏಳರವರೆಗೆ ಏನು ಮಾಡುತ್ತೀಯ ಅಂತ ಹೊರಡುವ ಮುಂಚೆಯೇ ಕೇಳುತ್ತೇನೆ. ಓದುತ್ತೇನೆ, ಯೋಚಿಸುತ್ತೇನೆ ಅಂದರೆ ಒಪ್ಪುವುದಿಲ್ಲ. ಇನ್ನೊಬ್ಬರು ಇರುವ ಏನಾದರೂ ಒಂದು ಕೆಲಸ ಹೇಳು ಅನ್ನುತ್ತೇನೆ. ಬಿಡಬೇಕು ಅಂತ ಯಾರಾದರೂ ಫೋನ್ ಮಾಡಿದರೆ ಈಗ ಹಲ್ಲು ಕಚ್ಚಿ ಇರು ಅನ್ನುವುದಿಲ್ಲ. ಎಂದು ತೀರ್ಮಾನ ಮಾಡೋಣ, ಅಲ್ಲಿವರೆಗೆ ಬೇರೆ ಏನು ಮಾಡಿ ನೋಡೋಣ ಅಂತ ಕೇಳುತ್ತೇನೆ. ಮನೆಯವರಿಂದ ದೂರ ಇರುವ ಹುಡುಗಿಗೆ ಭಯವಾಗುವಂಥದ್ದು ಏನಾದರೂ ಇದ್ದರೆ ಮಾತ್ರ ಕಾಯುವ ಪ್ರಶ್ನೆಯೇ ಇಲ್ಲ, ಅದೇ ದಿನ ಹೊರಟುಬಾ ಅನ್ನುತ್ತೇನೆ. ಬೇಜಾರು ಬೇರೆ, ಭಯ ಬೇರೆ.

ಕೊನೆಯ ದಿನ ಅವಳು ನೋಟ್‌ಬುಕ್ಕನ್ನು ಲೈಬ್ರರಿಯಲ್ಲೇ ಬಿಟ್ಟು ಬಂದಳು, ಉಳಿದ 1,460 ಪುಸ್ತಕ ಮುಗಿಸಲು ಬರುವವರಿಗೆ. ಮೊದಲ ಪುಟದ ಫೋಟೋ ನನಗೆ ಕಳಿಸಿದ್ದಳು. ಬಂದ ದಿನ ಬರೆದಿದ್ದ ತಾರೀಕಿನ ಕೆಳಗೆ ದಪ್ಪ ಅಕ್ಷರದಲ್ಲಿ “ಕಿಟಕಿ ಪಕ್ಕದ ಕಪಾಟು ಮುಟ್ಟಬೇಡಿ” ಅಂತ ಇತ್ತು. ಆಮೇಲೆ ಅದನ್ನು ಹೊಡೆದುಹಾಕಿ ಬರೆದದ್ದು: “ಮುಟ್ಟುವ ಮುಂಚೆ ಮೇಷ್ಟರನ್ನು ಕೇಳಿ. ಹಿಂದಿನ ಓಣಿ, ಎಡಗಡೆ ಮೂರನೇ ಮನೆ. ಸಂಜೆ ನಾಲ್ಕರ ಮೇಲೆ ಇರುತ್ತಾರೆ. ಅಡ್ಡ ಮಲಗಿಸಿದ ಪುಸ್ತಕ ಇದ್ದರೆ ಹಾಗೇ ಬಿಡಿ.”